ಸಿಡಿಲಿನ ಕಾಲದಲ್ಲಿ ಮೊಬೈಲ್ ಸ್ಟಾರ್ಟರ್ ಮತ್ತು ಪಂಪ್‌ಸೆಟ್‌ಗಳ ರಕ್ಷಣೆ

ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಗಳ ಕಾಲ ಬಂದಿತೆಂದರೆ ನಮ್ಮ ಒಳನಾಡಿನಲ್ಲಿ ಮಧ್ಯಾಹ್ನದ ನಂತರ ಮೋಡ ಕಟ್ಟಿ, ಗಾಳಿ ಎದ್ದು, ಗುಡುಗು ಸಿಡಿಲುಗಳೊಡನೆ ಮಳೆ ಸುರಿಯುವುದು ರೈತರಿಗೆ ಹೊಸತಲ್ಲ. ಉಳುಮೆಗೆ ನೆಲ ಹದವಾಗಲು ಈ ಮಳೆಗಳು ಬೇಕು. ಆದರೆ ವರ್ಷದಲ್ಲಿ ಸಿಡಿಲಿನ ಕಾಟ ಹೆಚ್ಚಿರುವುದೂ ಈ ಮಳೆಗಳಲ್ಲಿಯೇ. ಮುಂಗಾರು ನೆಲೆಗೊಂಡ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಳೆ ಹಿಡಿದರೂ ಸಿಡಿಲು ಅಷ್ಟಿಲ್ಲ. ಮತ್ತೆ ಚಿತ್ತಾ, ಸ್ವಾತಿ ಮಳೆಗಳ ಹೊತ್ತಿಗೆ ಇನ್ನೊಂದು ಸುತ್ತು ಬರುತ್ತದೆ.

ಹಿಂದೆ ಮೋಟಾರು ಕೋಣೆಯಲ್ಲಿ ಇದ್ದುದು ಮೂರು ಫ್ಯೂಸು, ಒಂದು ಸ್ಟಾರ್ಟರ್ ಅಷ್ಟೆ. ಅದೆಲ್ಲ ಕಬ್ಬಿಣ, ತಾಮ್ರದ ಸಾಮಾನು. ಸಣ್ಣಪುಟ್ಟ ಪೆಟ್ಟನ್ನು ಅದು ತಡೆದುಕೊಳ್ಳುತ್ತಿತ್ತು. ಹೆಚ್ಚೆಂದರೆ ಒಂದು ಕಾಯಿಲ್ ಸುಡುತ್ತಿತ್ತು. ಈಗ ಅದೇ ಗೋಡೆಯ ಮೇಲೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಕುಳಿತಿದೆ. ಮನೆಯಲ್ಲಿಯೇ ಕುಳಿತು ಮೋಟಾರು ಹಾಕಬಹುದು, ನಿಲ್ಲಿಸಬಹುದು. ರಾತ್ರಿ ಹಾವು ಚೇಳುಗಳ ನಡುವೆ ಬ್ಯಾಟರಿ ಹಿಡಿದು ಓಡಾಡುವ ಕಷ್ಟ ತಪ್ಪಿದೆ. ಆದರೆ ಈ ಪೆಟ್ಟಿಗೆಯ ಒಳಗಿರುವ ಬಿಲ್ಲೆಗಳು ಕೆಲಸ ಮಾಡುವುದು ಮೂರರಿಂದ ಐದು ವೋಲ್ಟ್‌ಗಳಲ್ಲಿ. ಅದರ ಒಂದು ಕಡೆ 400 ವೋಲ್ಟಿನ ಮೂರು ಫೇಸ್ ತಂತಿ, ಇನ್ನೊಂದು ಕಡೆ ನೂರಾರು ಅಡಿ ಆಳಕ್ಕೆ ಇಳಿದಿರುವ ಮೋಟಾರು. ಸಿಡಿಲಿಗೆ ಇಷ್ಟು ಅನುಕೂಲವಾದ ದಾರಿಯಲ್ಲಿ ಇಷ್ಟು ಸೂಕ್ಷ್ಮವಾದ ವಸ್ತುವನ್ನು ಇಟ್ಟ ಮೇಲೆ ಅದರ ರಕ್ಷಣೆಯ ಬಗೆಯನ್ನೂ ನಾವು ತಿಳಿದಿರಬೇಕು.

ನಾನು ಬೇಸಾಯಶಾಸ್ತ್ರದವನು, ವಿದ್ಯುತ್ ಎಂಜಿನಿಯರನಲ್ಲ. ಆದರೂ ಈ ವಿಷಯದಲ್ಲಿ ಅರ್ಧ ಪಾಲು ಮಣ್ಣಿನದು, ತೇವದ್ದು, ಮಳೆಯದು. ಆದುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಸಿಡಿಲು ನೇರವಾಗಿ ಬಡಿಯಬೇಕೆಂದಿಲ್ಲ

ಒಂದು ಸಿಡಿಲಿನಲ್ಲಿ ಹರಿಯುವ ವಿದ್ಯುತ್ತು ಸಾಮಾನ್ಯವಾಗಿ 30,000 ಆಂಪಿಯರ್‌ಗಳ ಆಸುಪಾಸಿನಲ್ಲಿರುತ್ತದೆ. ಕೆಲವು ಇದರ ಹಲವು ಪಟ್ಟು ಇರುವುದೂ ಉಂಟು. ನಿಮ್ಮ 5 ಅಶ್ವಶಕ್ತಿಯ ಮೋಟಾರು ಎಳೆಯುವುದು ಸುಮಾರು 8 ಆಂಪಿಯರ್. ಸಿಡಿಲಿನ ಆಯಸ್ಸು ಮಾತ್ರ ಬಹಳ ಕಡಿಮೆ: ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವನ್ನು ಮೈಕ್ರೋಸೆಕೆಂಡ್ ಎಂದು ಕರೆದರೆ, ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಅದು ತುದಿಗೇರಿ, ನೂರರ ಒಳಗೆ ಅರ್ಧಕ್ಕೆ ಇಳಿದಿರುತ್ತದೆ. ಕಣ್ಣಿಗೆ ಒಂದೇ ಮಿಂಚಾಗಿ ಕಂಡರೂ ಅದರಲ್ಲಿ ಮೂರು ನಾಲ್ಕು ಹೊಡೆತಗಳು ಇರುತ್ತವೆ. ಮಿಂಚು ಕೆಲವೊಮ್ಮೆ ಮಿಣಮಿಣ ಎಂದು ನಡುಗುವಂತೆ ಕಾಣುವುದು ಇದರಿಂದಲೇ.

ನೇರವಾಗಿ ಕಂಬದ ಮೇಲೆ ಬಡಿದ ಸಿಡಿಲನ್ನು ತಡೆಯುವುದು ಕಷ್ಟ. ಆದರೆ ನೇರ ಬಡಿತಗಳು ಅಪರೂಪ. ನಮ್ಮ ಸಾಧನಗಳನ್ನು ಕೊಲ್ಲುವುದು ಬಹುಮಟ್ಟಿಗೆ ಪಕ್ಕದ ಸಿಡಿಲು. ಫರ್ಲಾಂಗು ಎರಡು ಫರ್ಲಾಂಗು ಆಚೆ ಒಂದು ತೆಂಗಿನ ಮರಕ್ಕೆ ಸಿಡಿಲು ಬಡಿದರೂ, ಅದರ ಪ್ರಭಾವದಿಂದ ಹತ್ತಿರದಲ್ಲಿ ಹಾದುಹೋಗುವ ವಿದ್ಯುತ್ ತಂತಿಯಲ್ಲಿ ಸಾವಿರಾರು ವೋಲ್ಟಿನ ಅಲೆಯೊಂದು ಏಳುತ್ತದೆ. ಕೆರೆಗೆ ಕಲ್ಲು ಹಾಕಿದರೆ ಅಲೆ ದಡಕ್ಕೆ ಬಂದು ಬಡಿಯುವಂತೆ, ಈ ಅಲೆ ತಂತಿಯ ಗುಂಟ ಎರಡೂ ಕಡೆಗೆ ಓಡುತ್ತದೆ. ಇದನ್ನೇ ಅಂಗಡಿಯವರು ಸರ್ಜ್ ಎನ್ನುತ್ತಾರೆ. ತಂತಿ ಉದ್ದವಾದಷ್ಟೂ, ಬಯಲಿನಲ್ಲಿ ಹಾದಷ್ಟೂ ಅದು ಹಿಡಿಯುವ ಅಲೆ ದೊಡ್ಡದು. ಊರ ಹೊರಗಿನ ತೋಟದ ಪಂಪ್‌ಸೆಟ್ಟಿಗೆ ಊರೊಳಗಿನ ಮನೆಗಿಂತ ಅಪಾಯ ಹೆಚ್ಚಾಗಿರುವುದು ಈ ಕಾರಣದಿಂದ.

ಸ್ಟಾರ್ಟರ್ ನಿಲ್ಲಿಸಿದ್ದೇನೆ, ಇನ್ನೇನು ಭಯ ಎಂದು ಕೆಲವರು ಕೇಳುತ್ತಾರೆ. ಮೊಬೈಲಿನಿಂದ ಆಫ್ ಮಾಡಿದಾಗ ಮೋಟಾರು ನಿಲ್ಲುತ್ತದೆ, ನಿಜ. ಆದರೆ ಫೋನಿನ ಕರೆಗೆ ಕಾಯುತ್ತಿರುವ ಆ ಪೆಟ್ಟಿಗೆ ಲೈನಿಗೆ ಸೇರಿಯೇ ಇರುತ್ತದೆ. ಇಲ್ಲದಿದ್ದರೆ ಅದು ನಿಮ್ಮ ಮಾತು ಕೇಳುವುದಾದರೂ ಹೇಗೆ? ಸ್ಟಾರ್ಟರಿನ ಒಳಗೆ ತೆರೆದುಕೊಂಡ ಸಂಪರ್ಕಗಳ ನಡುವಿನ ಸಂದು ಕೆಲವೇ ಮಿಲಿಮೀಟರು. ಮೋಡದಿಂದ ನೆಲಕ್ಕೆ ಮೈಲಿಗಟ್ಟಲೆ ಹಾರಿದ್ದಕ್ಕೆ ಇದು ಒಂದು ಅಡ್ಡಿಯೇ ಅಲ್ಲ. ಬಿಡಿಸುವುದಾದರೆ ಮೀಟರಿನ ಬಳಿಯ ಮುಖ್ಯ ಸ್ವಿಚ್ಚನ್ನೇ ಇಳಿಸಿ ಫ್ಯೂಸುಗಳನ್ನು ತೆಗೆದಿಡಬೇಕು, ಅದೂ ಮೋಡ ಕಟ್ಟುವ ಮೊದಲು.

ಕೊಳವೆ ಬಾವಿಯ ಮೋಟಾರೇ ಏಕೆ ಸುಡುತ್ತದೆ?

ಸಿಡಿಲಿಗೆ ಬೇಕಾದುದು ಭೂಮಿಯನ್ನು ಸೇರುವ ಸುಲಭವಾದ ದಾರಿ. ಕೊಳವೆ ಬಾವಿಯ ಮೋಟಾರು ನೀರಿನಲ್ಲಿ ಮುಳುಗಿದೆ. ಅದರ ಲೋಹದ ಹೊರಮೈ ಅಂತರ್ಜಲವನ್ನು ನೇರವಾಗಿ ಮುಟ್ಟಿಕೊಂಡಿದೆ. ಮೇಲಿನ ನೆಲದಲ್ಲಿ ನೀವು ಎಷ್ಟೇ ಚೆನ್ನಾಗಿ ಅರ್ಥಿಂಗ್ ಮಾಡಿದ್ದರೂ ಇದಕ್ಕಿಂತ ಉತ್ತಮವಾದ ಭೂಸಂಪರ್ಕ ಆ ತೋಟದಲ್ಲಿ ಇನ್ನೊಂದಿಲ್ಲ. ತಂತಿಯಲ್ಲಿ ಬಂದ ಅಲೆ ಕೇಬಲಿನ ಮೂಲಕ ಕೆಳಗಿಳಿದು, ಸುರುಳಿಯ ಹೊದಿಕೆಯನ್ನು ತೂತು ಮಾಡಿ, ಮೋಟಾರಿನ ಮೈಗೆ ಹಾರಿ ನೀರನ್ನು ಸೇರುತ್ತದೆ. ತೂತು ಸೂಜಿಮೊನೆಯಷ್ಟು ಇರಬಹುದು. ಅಂದೇ ಮೋಟಾರು ನಿಲ್ಲಲಿಕ್ಕಿಲ್ಲ. ಎರಡು ವಾರ ಓಡಿ, ಆ ತೂತಿನ ಬಳಿ ಕಾದು, ಒಂದು ದಿನ ಸುಟ್ಟುಹೋಗುತ್ತದೆ. ಆಗ ನಾವು ಮೆಕ್ಯಾನಿಕ್ಕನ್ನೋ ರಿವೈಂಡಿಂಗ್ ಮಾಡಿದವನನ್ನೋ ಬಯ್ಯುತ್ತೇವೆ.

ಇದರಿಂದ ಒಂದು ಮುಖ್ಯವಾದ ಮಾತು ಹೊರಡುತ್ತದೆ. ಹೆಚ್ಚಿನ ಕಡೆ ಇದು ತಪ್ಪಿಹೋಗುವುದನ್ನು ನೋಡಿದ್ದೇನೆ. ಸ್ಟಾರ್ಟರಿನ ಬಳಿ ಸರ್ಜ್ ರಕ್ಷಕವನ್ನು ಹಾಕಿಸಿ, ಅದರ ಅರ್ಥ್ ತಂತಿಯನ್ನು ಮೋಟಾರು ಕೋಣೆಯ ಹಿಂದೆ ನೆಟ್ಟ ಮೂರಡಿ ಕಂಬಿಗೆ ಕಟ್ಟಿಬಿಡುತ್ತಾರೆ. ಒಣಗಿದ ನೆಲದಲ್ಲಿ ನಿಂತ ಆ ಕಂಬಿ ಒಂದು ಕಡೆ, ನೀರಿನಲ್ಲಿ ಮುಳುಗಿದ ಮೋಟಾರು ಇನ್ನೊಂದು ಕಡೆ. ಸಿಡಿಲು ಯಾವುದನ್ನು ಆರಿಸಿಕೊಳ್ಳುತ್ತದೆಂದು ಹೇಳಬೇಕಾಗಿಲ್ಲ. ರಕ್ಷಕದ ಅರ್ಥ್ ತಂತಿ ಲೋಹದಿಂದ ಲೋಹಕ್ಕೆ ಕಡಿಯದೆ ಮೋಟಾರಿನ ಮೈವರೆಗೂ ಹೋಗಿರಬೇಕು. ಪಂಪು ಇಳಿಸಿರುವುದು ಕಬ್ಬಿಣದ ಪೈಪಿನಲ್ಲಾದರೆ, ಬಾವಿಯ ಬಾಯಲ್ಲಿ ಆ ಪೈಪಿಗೆ ಮತ್ತು ಕಬ್ಬಿಣದ ಕೇಸಿಂಗಿಗೆ ಗಟ್ಟಿಯಾದ ಕ್ಲ್ಯಾಂಪು ಹಾಕಿ ಸೇರಿಸಿದರೆ ಸಾಕು. ಈಗ ಬಹಳ ಮಂದಿ ಎಚ್‌ಡಿಪಿಇ ಅಥವಾ ಯುಪಿವಿಸಿ ಪೈಪು ಬಳಸುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಹರಿಯದು. ಇಂಥಲ್ಲಿ ಮುಂದಿನ ಸಲ ಪಂಪನ್ನು ಮೇಲೆತ್ತಿದಾಗ ಮೂರು ತಂತಿಯ ಕೇಬಲಿನ ಜೊತೆಗೆ ನಾಲ್ಕನೆಯದಾಗಿ ಒಂದು ತಾಮ್ರದ ಅರ್ಥ್ ತಂತಿಯನ್ನು ಪಂಪಿನ ಬೋಲ್ಟಿಗೆ ಬಿಗಿದು ಇಳಿಸಿರಿ. ಇದಕ್ಕೆಂದೇ ಪಂಪನ್ನು ಎತ್ತಬೇಕೆಂದು ನಾನು ಹೇಳುವುದಿಲ್ಲ. ಎತ್ತುವ ಖರ್ಚು ಏನೆಂಬುದು ನಿಮಗೇ ಗೊತ್ತು.

ಅರ್ಥಿಂಗ್ ಕೆಡುವುದು ಬೇಸಿಗೆಯಲ್ಲಿ

ಮಣ್ಣಿನ ಮೂಲಕ ವಿದ್ಯುತ್ತು ಹರಿಯುವುದು ಅದರಲ್ಲಿರುವ ನೀರು ಮತ್ತು ಆ ನೀರಿನಲ್ಲಿ ಕರಗಿರುವ ಲವಣಗಳ ಮೂಲಕ. ತೇವವಿರುವ ಎರೆಮಣ್ಣಿನಲ್ಲಿ ಸುಲಭ; ಕೆಂಪು ಮರಳು ಮಣ್ಣಿನಲ್ಲಿ ಕಷ್ಟ; ಮಲೆನಾಡು ಕರಾವಳಿಗಳ ಜಂಬಿಟ್ಟಿಗೆಯಲ್ಲಿಯೂ ಬಂಡೆಯ ನೆಲದಲ್ಲಿಯೂ ಇನ್ನೂ ಕಷ್ಟ. ಯಾವ ಮಣ್ಣಾದರೂ ಒಣಗಿದಂತೆ ಅದರ ತಡೆ ಬಹಳ ವೇಗವಾಗಿ ಏರುತ್ತದೆ. ಈಗ ಲೆಕ್ಕ ಹಾಕಿ ನೋಡಿರಿ: ವರ್ಷದಲ್ಲಿ ನೆಲ ಅತ್ಯಂತ ಒಣಗಿರುವುದು ಏಪ್ರಿಲ್‌ನಲ್ಲಿ, ಮೊದಲ ಸಿಡಿಲುಗಳು ಬರುವುದೂ ಆಗಲೇ. ಅರ್ಥಿಂಗ್ ಅತಿ ಹೆಚ್ಚು ಬೇಕಾದ ದಿನವೇ ಅದು ಅತಿ ಕೆಟ್ಟ ಸ್ಥಿತಿಯಲ್ಲಿರುತ್ತದೆ. ಎರೆಭೂಮಿಯವರಿಗೆ ಇನ್ನೊಂದು ತೊಡಕು. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಾಗ ಕಂಬಿಯ ಸುತ್ತಲಿನ ಮಣ್ಣು ಹಿಂದೆ ಸರಿದು, ಕಂಬಿ ಗಾಳಿಯಲ್ಲಿ ನಿಂತಂತಾಗುತ್ತದೆ. ಮಣ್ಣು ಎಷ್ಟೇ ಒಳ್ಳೆಯದಾದರೂ ಕಂಬಿಯನ್ನು ಮುಟ್ಟದಿದ್ದರೆ ಏನು ಫಲ?

ಆದುದರಿಂದ ಶಿವರಾತ್ರಿ ಕಳೆದ ಮೇಲೆ ಅರ್ಥ್ ಗುಂಡಿಗೆ ವಾರಕ್ಕೊಮ್ಮೆ ಎರಡು ಮೂರು ಕೊಡ ನೀರು ಹಾಕುವ ರೂಢಿ ಇಟ್ಟುಕೊಳ್ಳಿರಿ. ನೀರಿನ ತೊಟ್ಟಿಯ ತುಂಬಿ ಹರಿಯುವ ನೀರು ಬೀಳುವ ಜಾಗದಲ್ಲಿ ಗುಂಡಿ ಇದ್ದರೆ ಅದೂ ಬೇಕಾಗಿಲ್ಲ. ಗುಂಡಿಗೆ 40 ಮಿ.ಮೀ. ವ್ಯಾಸದ, 2.5 ಮೀಟರ್ ಉದ್ದದ ಸತು ಲೇಪಿಸಿದ ಪೈಪು ಇರಲಿ. ಉಪ್ಪು, ಇದ್ದಿಲು ತುಂಬುವುದು ಹಳೆಯ ಪದ್ಧತಿ. ಅದು ಕೆಲಸ ಮಾಡುವುದಾದರೂ ಉಪ್ಪು ನಾಲ್ಕಾರು ಮಳೆಗಾಲಗಳಲ್ಲಿ ತೊಳೆದುಹೋಗುತ್ತದೆ, ಇರುವಷ್ಟು ದಿನ ಪೈಪನ್ನು ತಿನ್ನುತ್ತದೆ, ಸುತ್ತಲಿನ ಮಣ್ಣನ್ನೂ ಕೆಡಿಸುತ್ತದೆ. ಅರ್ಥ್ ಗುಂಡಿಯ ಪಕ್ಕದ ನಿಂಬೆಗಿಡ ಒಣಗಿದ್ದಕ್ಕೆ ರೋಗವೆಂದು ಔಷಧಿ ಕೇಳಿಕೊಂಡು ಬಂದವರೂ ಇದ್ದಾರೆ. ಉಪ್ಪಿನ ಬದಲು ಬೆಂಟೊನೈಟ್ ಜೇಡಿಯನ್ನು ತುಂಬುವುದು ಮೇಲು. ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಅದನ್ನೂ ಪೂರ್ತಿ ಒಣಗಲು ಬಿಡಬಾರದು, ಅದೂ ಎರೆಮಣ್ಣಿನಂತೆಯೇ ಕುಗ್ಗುವ ಜಾತಿ. ಒಂದು ಕಂಬಿಯಿಂದ ತಡೆ ಇಳಿಯದಿದ್ದರೆ ಐದು ಮೀಟರ್ ದೂರದಲ್ಲಿ ಇನ್ನೊಂದನ್ನು ನೆಟ್ಟು ಎರಡನ್ನೂ ಸೇರಿಸಿರಿ. ತೀರ ಹತ್ತಿರ ನೆಟ್ಟರೆ ಪ್ರಯೋಜನವಿಲ್ಲ. ಒತ್ತಾಗಿ ನೆಟ್ಟ ಗಿಡಗಳ ಬೇರುಗಳಂತೆ ಒಂದರ ಪಾಲನ್ನು ಇನ್ನೊಂದು ಕಸಿದುಕೊಳ್ಳುತ್ತದೆ. ಅರ್ಥಿಂಗಿನ ತಡೆ 10 ಓಮ್‌ಗಿಂತ ಕಡಿಮೆ ಇರಬೇಕು. ಲೈಸೆನ್ಸು ಇರುವ ವಿದ್ಯುತ್ ಕಂಟ್ರಾಕ್ಟರರ ಬಳಿ ಅಳೆಯುವ ಯಂತ್ರ ಇರುತ್ತದೆ. ಅಳೆಯುವುದಾದರೆ ಮಳೆಗಾಲದಲ್ಲಿ ಅಳೆಸಿ ಸಮಾಧಾನ ಪಡಬೇಡಿ, ಮಾರ್ಚ್‌ನಲ್ಲಿ ಅಳೆಸಿರಿ.

ಹತ್ತು ಓಮ್ ಇದ್ದರೂ ಒಂದು ಸಣ್ಣ ಗುಣಾಕಾರ ಮಾಡಿ ನೋಡಿದರೆ ಎದೆ ಝಲ್ಲೆನ್ನುತ್ತದೆ. 10 ಓಮ್ ತಡೆಯಲ್ಲಿ 30,000 ಆಂಪಿಯರ್ ಇಳಿದರೆ ಆ ಕಂಬಿ ಒಂದು ಕ್ಷಣ 3 ಲಕ್ಷ ವೋಲ್ಟಿಗೆ ಏರುತ್ತದೆ. ಹಾಗಾದರೆ ಸಾಧನಗಳು ಉಳಿಯುವುದು ಹೇಗೆ? ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಉಳಿಯುತ್ತವೆ. ಕೆರೆಯ ನೀರು ಏರಿದಾಗ ಒಂದೇ ಹಗ್ಗಕ್ಕೆ ಕಟ್ಟಿದ ತೆಪ್ಪಗಳೆಲ್ಲ ಒಟ್ಟಿಗೆ ಏರುತ್ತವೆ. ಒಂದನ್ನು ದಡದ ಕಲ್ಲಿಗೆ ಬಿಗಿದಿದ್ದರೆ ಹಗ್ಗ ಹರಿಯುತ್ತದೆ. ವಿದ್ಯುತ್ತಿಗೆ ಒಂದು ಅರ್ಥ್, ಡಿಶ್ ಆಂಟೆನಾಗೆ ಬೇರೆ ಅರ್ಥ್, ಕ್ಯಾಮೆರಾ ಕಂಬಕ್ಕೆ ಮತ್ತೊಂದು ಎಂದು ಪ್ರತ್ಯೇಕವಾಗಿ ಇಟ್ಟರೆ ಕ್ಷೇಮವೆಂಬ ನಂಬಿಕೆ ಬಹಳ ಕಡೆ ಇದೆ. ಇದು ತಪ್ಪು. ಕಂಬಿಗಳು ಎಷ್ಟಾದರೂ ಇರಲಿ, ಅವೆಲ್ಲವನ್ನೂ ದಪ್ಪ ತಂತಿಯಿಂದ ಒಂದಕ್ಕೊಂದು ಸೇರಿಸಿರಬೇಕು.

ಸರ್ಜ್ ರಕ್ಷಕ

ಇದು ಕಾಲುವೆಯ ಕೋಡಿಯಂಥದು. ನೀರು ಮಟ್ಟದೊಳಗಿರುವವರೆಗೆ ಕೋಡಿ ಸುಮ್ಮನಿರುತ್ತದೆ, ಮಟ್ಟ ಮೀರಿದೊಡನೆ ಹೆಚ್ಚಿನ ನೀರನ್ನು ಹಳ್ಳಕ್ಕೆ ಬಿಟ್ಟುಕೊಡುತ್ತದೆ. ರಕ್ಷಕದ ಒಳಗೆ ಸತುವಿನ ಆಕ್ಸೈಡಿನಿಂದ ಮಾಡಿದ ಬಿಲ್ಲೆ ಇರುತ್ತದೆ. 1960ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ರೂಪುಗೊಂಡ ಈ ಬಿಲ್ಲೆ ಸಾಮಾನ್ಯ ವೋಲ್ಟೇಜಿಗೆ ಕಲ್ಲಿನಂತೆ ತಡೆದು ನಿಂತು, ಅಲೆ ಬಂದಾಗ ಕ್ಷಣಮಾತ್ರದಲ್ಲಿ ದಾರಿ ಬಿಟ್ಟು ಅದನ್ನು ಅರ್ಥಿಗೆ ಇಳಿಸುತ್ತದೆ. ಗಾಜು ಅಥವಾ ಪಿಂಗಾಣಿ ನಳಿಕೆಯಲ್ಲಿ ಅನಿಲ ತುಂಬಿದ ಇನ್ನೊಂದು ಬಗೆ ದೂರವಾಣಿ ತಂತಿಗಳಿಗೆ ಬಳಕೆಯಾಗುತ್ತದೆ. ನಮ್ಮ ದೇಶದಲ್ಲಿ ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ಕೇಂದ್ರಗಳಲ್ಲಿ ಮೊದಲನೆಯದು 1986ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ಆರಂಭವಾಯಿತು. ದೂರವಾಣಿ ಕೇಂದ್ರಗಳಲ್ಲಿ ಹೊರಗಿನಿಂದ ಬರುವ ತಂತಿಗಳು ಯಂತ್ರವನ್ನು ಮುಟ್ಟುವ ಮೊದಲೇ ಇಂಥ ರಕ್ಷಕಗಳನ್ನು ಹಾದು ಬರಬೇಕೆಂಬುದು ಹಳೆಯ ನಿಯಮ. ನಾವು ತೋಟದಲ್ಲಿ ಮಾಡಬೇಕಾದುದೂ ಅದೇ: ಹೊರಗಿನಿಂದ ಒಳಗೆ ಬರುವ ಪ್ರತಿಯೊಂದು ಲೋಹದ ತಂತಿಗೂ ಬಾಗಿಲಲ್ಲಿಯೇ ಒಬ್ಬ ಕಾವಲುಗಾರ ಇರಬೇಕು.

ಕೊಳ್ಳುವಾಗ ಮೂರು ಫೇಸಿಗೆ ಆಗುವ ಟೈಪ್ 2 ರಕ್ಷಕ ಕೇಳಿರಿ. ಬೆಂಕಿಪೆಟ್ಟಿಗೆಯಷ್ಟೇ ಇರುವ, ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ಸಾಮಾನು ಪಂಪ್‌ಸೆಟ್ಟಿಗೆ ಸಾಲದು. ಅದರ ಮೇಲೆ ನಿರಂತರವಾಗಿ ತಡೆದುಕೊಳ್ಳುವ ವೋಲ್ಟೇಜನ್ನು ಬರೆದಿರುತ್ತಾರೆ. ಹಳ್ಳಿಯ ಲೈನಿಗೆ 275 ಎಂದಿರುವುದಕ್ಕಿಂತ 320 ಅಥವಾ 385 ಎಂದಿರುವುದು ಬಾಳಿಕೆ ಬರುತ್ತದೆ. ಹಿಂದೆ ಸರಿಯಾದ ಫ್ಯೂಸು ಇಲ್ಲದೆ ಇದನ್ನು ಹಾಕಿಸಬಾರದು.

ಹಾಕುವ ರೀತಿಯಲ್ಲಿಯೇ ಅರ್ಧ ಗುಣ ಹೋಗುವುದುಂಟು. ಲೈನಿನಿಂದ ರಕ್ಷಕಕ್ಕೆ, ರಕ್ಷಕದಿಂದ ಅರ್ಥ್ ಪಟ್ಟಿಗೆ ಹೋಗುವ ತಂತಿಗಳ ಒಟ್ಟು ಉದ್ದ ಅರ್ಧ ಮೀಟರ್ ಮೀರಬಾರದು. ತಂತಿ ಎಷ್ಟು ದಪ್ಪವಿದ್ದರೂ, ಒಂದು ಮೈಕ್ರೋಸೆಕೆಂಡಿನಲ್ಲಿ ಸಾವಿರ ಆಂಪಿಯರ್ ಏರುವ ಅಲೆಗೆ ಒಂದು ಮೀಟರ್ ತಂತಿಯೇ ಸುಮಾರು ಸಾವಿರ ವೋಲ್ಟಿನ ಅಡ್ಡಿ ಒಡ್ಡುತ್ತದೆ. ಆ ಸಾವಿರ ವೋಲ್ಟು ನಿಮ್ಮ ಮೊಬೈಲ್ ಸ್ಟಾರ್ಟರಿನ ಮೇಲೆಯೇ ಬೀಳುತ್ತದೆ. ಉಳಿದ ತಂತಿಯನ್ನು ಮುಂದೆ ಬೇಕಾದೀತೆಂದು ಸುರುಳಿ ಸುತ್ತಿ ಬಿಡುವ ಅಭ್ಯಾಸ ನಮ್ಮ ವೈರಿಂಗಿನವರಲ್ಲಿದೆ. ಅದನ್ನು ಕತ್ತರಿಸಿ ತೆಗೆಸಿರಿ. ತಂತಿ ನೇರವಾಗಿ ಹೋಗಲಿ, ಮೂಲೆಯಲ್ಲಿ ಬಾಗುವುದಾದರೆ ಎತ್ತಿನ ಗಾಡಿ ತಿರುಗುವಂತೆ ಅಗಲವಾಗಿ ಬಾಗಲಿ.

ರಕ್ಷಕ ಚಿರಂಜೀವಿಯಲ್ಲ. ಪ್ರತಿ ಪೆಟ್ಟಿಗೂ ಬಿಲ್ಲೆ ಸ್ವಲ್ಪ ಸವೆಯುತ್ತದೆ. ಮುಖದ ಮೇಲಿನ ಸಣ್ಣ ಕಿಟಕಿಯಲ್ಲಿ ಹಸಿರು ಹೋಗಿ ಕೆಂಪು ಕಂಡರೆ ಅದರ ಕೆಲಸ ಮುಗಿದಿದೆ, ಬದಲಾಯಿಸಬೇಕು. ದೊಡ್ಡ ಗುಡುಗಿನ ಮರುದಿನ ಒಮ್ಮೆ ಅದನ್ನು ನೋಡಿ ಬರುವುದು ಒಳ್ಳೆಯದು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಟಿ.ಸಿ.ಯ ಬಳಿ ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟ್ ಬರಬೇಕಾದ ಮನೆಗೆ 300, 350, ಕೆಲವೊಮ್ಮೆ 400ರ ಹತ್ತಿರ ಬಂದುಬಿಡುತ್ತದೆ. ಇದು ಮೈಕ್ರೋಸೆಕೆಂಡಿನ ಅಲೆಯಲ್ಲ, ಗಂಟೆಗಟ್ಟಲೆ ನಿಲ್ಲುವ ಹೊಡೆತ. ಸರ್ಜ್ ರಕ್ಷಕ ಇದನ್ನು ತಡೆಯದು; ತಡೆಯಹೋಗಿ ತಾನೇ ಸುಟ್ಟುಹೋಗುತ್ತದೆ. ಇದಕ್ಕೆ ವೋಲ್ಟೇಜು ಹೆಚ್ಚಾದಾಗಲೂ ಕಡಿಮೆಯಾದಾಗಲೂ ಲೈನನ್ನು ಕಡಿಯುವ ಸಾಧನ ಬೇರೆಯೇ ಬೇಕು. ಎರಡನ್ನೂ ಒಂದೇ ಎಂದು ಹೇಳಿ ಮಾರುವ ಅಂಗಡಿಗಳಿವೆ. ಕರೆಂಟು ಹೋಗಿ ಬಂದ ಕೂಡಲೇ ಮೋಟಾರು ತಾನಾಗಿ ಏಳುವಂತೆ ಆಟೋ ಇಟ್ಟಿದ್ದರೆ ಗುಡುಗಿನ ದಿನಗಳಲ್ಲಿ ಅದನ್ನು ತೆಗೆದಿಡಿರಿ. ಲೈನು ಸ್ಥಿರವಾಗುವ ಮೊದಲೇ ಮೋಟಾರು ಏಳುವುದು ಬೇಡ.

ಮನೆಯ ಮತ್ತು ತೋಟದ ಇತರ ಸಾಧನಗಳು

ಹನಿ ನೀರಾವರಿಯ ವಾಲ್ವುಗಳಿಗೆ ನೆಲದಲ್ಲಿ ಹೂತ ಉದ್ದನೆಯ ಸಣ್ಣ ತಂತಿಗಳು, ಅಡಿಕೆ ಕಣದ ಕ್ಯಾಮೆರಾಕ್ಕೆ ಎಳೆದ ಕೇಬಲು, ಸೌರ ಫಲಕದಿಂದ ಬರುವ ತಂತಿ, ಇವೂ ಅಲೆಯನ್ನು ಹಿಡಿಯುತ್ತವೆ. ಹೂತಿದ್ದೇವೆ ಎಂಬ ಧೈರ್ಯ ಬೇಡ. ಸೌರ ಪಂಪಿಗಾದರೆ ಫಲಕದ ಕಡೆಗೆ ಡಿ.ಸಿ.ಗೆಂದೇ ಮಾಡಿದ ರಕ್ಷಕ ಬೇಕು, ಎ.ಸಿ.ಯದು ನಡೆಯದು.

ಗಾಜಿನ ಎಳೆಯಲ್ಲಿ ಬರುವ ಇಂಟರ್‌ನೆಟ್ಟಿಗೆ ಸಿಡಿಲಿನ ಭಯ ಕಡಿಮೆ, ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೆ ಆ ಕೇಬಲನ್ನು ಕಂಬದಿಂದ ಕಂಬಕ್ಕೆ ತೂಗಿಹಾಕಲು ಒಳಗೆ ಉಕ್ಕಿನ ತಂತಿ ಇದ್ದರೆ ಅದು ಒಯ್ಯುತ್ತದೆ. ಮನೆಯೊಳಗಿನ ಪೆಟ್ಟಿಗೆಗೆ ಕರೆಂಟಿನ ಕಡೆಯಿಂದಲೂ ಪೆಟ್ಟು ಬೀಳಬಹುದು. ಗುಡುಗು ಆರಂಭವಾಗುವ ಮೊದಲೇ ಟಿ.ವಿ., ಡಿಶ್ಶಿನ ಕೇಬಲು, ಇಂಟರ್‌ನೆಟ್ ಪೆಟ್ಟಿಗೆ ಇವುಗಳ ಪ್ಲಗ್ಗು ಕೀಳುವುದಕ್ಕಿಂತ ಅಗ್ಗವಾದ, ನಂಬಿಕೆಯಾದ ರಕ್ಷಣೆ ಇನ್ನೊಂದಿಲ್ಲ. ಸ್ವಿಚ್ಚು ಒತ್ತಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಮೊಬೈಲ್ ಫೋನು ಸಿಡಿಲನ್ನು ಸೆಳೆಯುತ್ತದೆಂಬುದು ನಿಜವಲ್ಲ. ಚಾರ್ಜಿಗೆ ಹಾಕಿ ಮಾತನಾಡುವುದು ಮಾತ್ರ ಅಪಾಯ, ಏಕೆಂದರೆ ಆಗ ನೀವು ಲೈನಿಗೆ ಸೇರಿರುತ್ತೀರಿ. ತಂತಿಯ ದೂರವಾಣಿಗೂ ಇದೇ ಮಾತು. ಮನೆಯ ಪಕ್ಕದ ತೆಂಗಿನ ಮರ ಮನೆಯನ್ನು ಕಾಯುತ್ತದೆ ಎಂಬ ನಂಬಿಕೆಯನ್ನೂ ಬಿಡಬೇಕು. ಮರಕ್ಕೆ ಬಡಿದದ್ದು ಪಕ್ಕದ ಗೋಡೆಗೋ ಡಿಶ್ಶಿಗೋ ಹಾರುವುದುಂಟು. ಸಿಡಿಲಿನಿಂದ ಗಾಳಿಯ ಸಾರಜನಕ ನೆಲಕ್ಕೆ ಬರುತ್ತದೆಂದು ಓದಿದವರು ಕೇಳುತ್ತಾರೆ. ಬರುವುದು ನಿಜ, ಎಕರೆಗೆ ಬೀಳುವುದು ತೀರ ಅಲ್ಪ. ಯೂರಿಯಾದ ಲೆಕ್ಕದಲ್ಲಿ ಅದನ್ನು ಕಳೆಯಬೇಡಿ.

ಫ್ಯೂಸು ಕೀಳಲು ಓಡಬೇಡಿ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಭಯ ನನ್ನನ್ನು ಕಾಡುತ್ತದೆ. ಗುಡುಗು ಶುರುವಾದ ಮೇಲೆ ಸ್ಟಾರ್ಟರ್ ಉಳಿಸಬೇಕೆಂದು ಯಾರಾದರೂ ಬಯಲಿನ ಮೋಟಾರು ಕೋಣೆಗೆ ಓಡಿಯಾರು. ಬೇಡ. ಬಯಲಿನಲ್ಲಿ ಒಬ್ಬನೇ ನಡೆಯುವ ಮನುಷ್ಯ ಅಲ್ಲಿಯ ಅತಿ ಎತ್ತರದ ವಸ್ತು. ಕೈ ಹಾಕುವುದು ಸಿಡಿಲು ಬರುವ ತಂತಿಗೆ. ಪೆಟ್ಟಿಗೆ ಸುಟ್ಟರೆ ಇನ್ನೊಂದು ಬರುತ್ತದೆ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿರಿ: ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ಮುಂದಿನದು ನಿಮ್ಮ ಹೊಲದಲ್ಲಿಯೇ ಬೀಳಬಹುದು. ಒಳಗೆ ಸೇರಿಕೊಳ್ಳಿರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯುವವರೆಗೆ ಹೊರಡಬೇಡಿ. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆ ರೂಪಿಸಿರುವ ದಾಮಿನಿ ಎಂಬ ಮೊಬೈಲ್ ಆ್ಯಪ್ ಸುತ್ತಮುತ್ತ ಬೀಳುತ್ತಿರುವ ಸಿಡಿಲನ್ನು ತೋರಿಸುತ್ತದೆ. ಮಧ್ಯಾಹ್ನವೇ ಒಮ್ಮೆ ನೋಡಿಕೊಂಡರೆ ಮೋಟಾರು ಬಿಡಿಸಲು ಸಮಯ ಸಿಗುತ್ತದೆ.

ದನಕರುಗಳನ್ನು ಮರದ ಕೆಳಗೆ, ತಂತಿ ಬೇಲಿಯ ಪಕ್ಕದಲ್ಲಿ, ಅರ್ಥ್ ಗುಂಡಿಯ ಬಳಿ ಕಟ್ಟಬಾರದು. ಸಿಡಿಲು ನೆಲಕ್ಕೆ ಇಳಿದಾಗ ಆ ಸ್ಥಳದಿಂದ ದೂರ ಹೋದಂತೆ ನೆಲದ ವೋಲ್ಟೇಜು ಇಳಿಯುತ್ತಾ ಹೋಗುತ್ತದೆ. ಹಸುವಿನ ಮುಂಗಾಲು ಹಿಂಗಾಲುಗಳ ನಡುವೆ ನಾಲ್ಕೈದು ಅಡಿ ಅಂತರವಿರುವುದರಿಂದ ಎರಡರ ನಡುವಿನ ವ್ಯತ್ಯಾಸ ದೊಡ್ಡದಾಗಿ, ಹೊಟ್ಟೆ, ಎದೆಗಳ ಮೂಲಕ ವಿದ್ಯುತ್ತು ಹರಿಯುತ್ತದೆ. ಮರದಡಿ ನಿಂತ ಮಂದೆಯಲ್ಲಿ ನಾಲ್ಕಾರು ದನ ಒಟ್ಟಿಗೆ ಸಾಯುವುದು ಹೀಗೆಯೇ. ಮನುಷ್ಯ ಬಯಲಿನಲ್ಲಿ ಸಿಕ್ಕಿಬಿದ್ದರೆ ಪಾದಗಳನ್ನು ಜೋಡಿಸಿ ಕುಕ್ಕುರುಗಾಲಲ್ಲಿ ಕುಳಿತುಕೊಳ್ಳಬೇಕು, ಮಲಗಬಾರದು. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆಂಬ ಭಯದಿಂದ ದೂರ ನಿಲ್ಲುವವರಿದ್ದಾರೆ. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು, ನಾಡಿ ನಿಂತಿದ್ದರೆ ಕೂಡಲೇ ಎದೆ ಒತ್ತಲು, ಬಾಯಿಂದ ಬಾಯಿಗೆ ಉಸಿರು ಕೊಡಲು ಆರಂಭಿಸಿ, 108ಕ್ಕೆ ಕರೆ ಮಾಡಿಸಿರಿ. ಹೀಗೆ ಉಳಿದು ಬಂದವರಿದ್ದಾರೆ.

ಗುಡುಗು ಕಳೆದ ಮೇಲೆ ಮೋಟಾರು ಹಾಕುವ ಮುನ್ನ ಕೇಬಲಿನ ತುದಿಯಿಂದ ಮೆಗ್ಗರ್ ಹಿಡಿದು ಒಮ್ಮೆ ನೋಡಿಸಿರಿ. ಹೋದ ವರ್ಷದ ಅಳತೆಯನ್ನು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಬದಿಗೆ ಬರೆದಿಟ್ಟಿದ್ದರೆ ಹೋಲಿಸಲು ಸುಲಭ. ತೀರ ಕೆಳಗಿಳಿದಿದ್ದರೆ ಸುರುಳಿಯ ಹೊದಿಕೆಗೆ ಪೆಟ್ಟು ಬಿದ್ದಿದೆ ಎಂದು ಅರ್ಥ. ಆ ಸ್ಥಿತಿಯಲ್ಲಿ ಓಡಿಸಿ ಪೂರ್ತಿ ಸುಡುವುದಕ್ಕಿಂತ, ಬೆಳೆಗೆ ಒಂದು ನೀರು ಕೊಟ್ಟು ಮುಗಿದ ಬಿಡುವಿನಲ್ಲಿ ಮೇಲೆತ್ತಿಸುವುದು ಲೇಸು. ಎತ್ತಿದಾಗ ಆ ನಾಲ್ಕನೆಯ ತಂತಿಯನ್ನು ಮರೆಯಬೇಡಿ.